ಪ್ರೀತಿಯಿಂದ ರಿಪೇರಿ ಮಾಡಿದ ವಿಮಾನ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಮಾತ್ರ ಅಣ್ಣ ಅತ್ತಿಗೆ ಜಗಳವಾಡಿದಷ್ಟೂ ಕೂಸು ಗುಂಡುಗುಂಡಾಗಿ ಬೆಳೆಯುತ್ತಿತ್ತು. ಕೂಸು ಅಂದರೆ ವಿಮಾನ.

ಅವರಿಬ್ಬರದೂ ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಕೆಲಸ. ಎರಡು ಸೀಟಿನವು, ನಾಲ್ಕು ಸೀಟಿನವು, ಮೂತಿಗೊಂದು ಫ್ಯಾನು ಸಿಕ್ಕಿಸಿಕೊಂಡು ಗುಂಯ್‌ಗುಡುವ ಖಾಸಗಿ ವಿಮಾನಗಳು. ಊರಾಚೆಯ ಬಯಲಿನಲ್ಲಿ ಒಂದು ರನ್‌ವೇ, ಅದರ ಬದಿಗೆ ತಗಡಿನ ಶೆಡ್ಡುಗಳ ಸಾಲು. ಅದರಲ್ಲಿ ನಡುವಿನ ಶೆಡ್ಡು ನಮ್ಮದು, ಶೆಡ್ಡಿನ ಹಿಂಬಾಗಿಲು ತೆಗೆದರೆ ಮನೆಯ ಅಡುಗೆಮನೆ. ರಿಪೇರಿಯಾದ ವಿಮಾನವನ್ನು ಮೊದಲು ಮೇಲಕ್ಕೆ ಒಯ್ದು ನೋಡುವವಳು ನಾನು. ಹಾಗಾಗಿ ಅವರ ಕೆಲಸದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಮೊದಲು ಗೊತ್ತಾಗುವುದು ನನಗೆ. ಅದು ಗೊತ್ತಾಗುವ ಹೊತ್ತಿಗೆ ನಾನು ನೆಲದ ಮೇಲೆ ಇರುವುದಿಲ್ಲ ಅನ್ನುವುದೊಂದೇ ತೊಂದರೆ.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ವಿಮಾನವನ್ನು ತಿರುಗಿಸುವ, ಏರಿಳಿಸುವ ಭಾಗಗಳಿಗೆ ಕೈ ಹಾಕಿದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿದ್ದಲ್ಲ. ನಮ್ಮ ಶೆಡ್ಡಿನಲ್ಲಿ ಅಣ್ಣ ಬಿಚ್ಚಿದ್ದನ್ನು ಅತ್ತಿಗೆ ನೋಡುತ್ತಿದ್ದಳು, ಅತ್ತಿಗೆ ಕಟ್ಟಿದ್ದನ್ನು ಅಣ್ಣ ನೋಡುತ್ತಿದ್ದ. ಇಬ್ಬರೂ ಒಳ್ಳೆಯ ಕೆಲಸಗಾರರೇ. ಆದರೆ ಅವರು ನಿಜವಾಗಿ ಒಬ್ಬರ ಕೆಲಸವನ್ನು ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ್ದು ಮಾತು ಬಿಟ್ಟ ಮೇಲೆ.

ಮಾತು ಬಿಟ್ಟ ಕಾರಣ ಕೇಳಿದರೆ ನಗು ಬರುತ್ತದೆ. ಬೋಲ್ಟುಗಳು ಅದುರಿ ಸಡಿಲವಾಗಬಾರದೆಂದು ಎರಡೆರಡನ್ನು ಜೋಡಿಸಿ ಸಣ್ಣ ತಂತಿಯಲ್ಲಿ ಹೊಸೆದು ಕಟ್ಟುತ್ತಾರೆ. ಅತ್ತಿಗೆ ಹಾಗೆ ಕಟ್ಟುತ್ತಿದ್ದಾಗ ಅಣ್ಣ, ಗಿರಾಕಿಯ ಎದುರಿಗೇ, "ತಂತಿ ಕಟ್ತಿದೀಯೋ, ಜಡೆ ಹೆಣಿತಿದೀಯೋ?" ಅಂದುಬಿಟ್ಟ. ಗಿರಾಕಿ ನಕ್ಕ. ಅಷ್ಟೇ. ಅಂದಿನಿಂದ ಅತ್ತಿಗೆಯ ಬಾಯಿಗೆ ಬೀಗ. ಅಣ್ಣನೂ ಏನು ಕಡಿಮೆಯೇ, ತಾನೂ ಒಂದು ಬೀಗ ಹಾಕಿಕೊಂಡ. ಎರಡೂ ಬೀಗದ ಕೈ ನಾನಾದೆ. ಉಪ್ಪಿನ ಡಬ್ಬಿ ಎಲ್ಲಿದೆ ಕೇಳು ನಿಮ್ಮತ್ತಿಗೇನ. ಕಣ್ಣೆದುರಿಗೇ ಇದೆ ಅಂತ ಹೇಳು ನಿಮ್ಮಣ್ಣನಿಗೆ. ನಾನು ಊಟದ ತಟ್ಟೆಯ ಮುಂದೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಕತ್ತು ನೋಯಿಸಿಕೊಂಡೆ.

ಶೆಡ್ಡಿನಲ್ಲಿ ಮಾತ್ರ ಆ ತಿಂಗಳುಗಳು ಸುವರ್ಣಯುಗ. ಅತ್ತಿಗೆ ಮುಗಿಸಿದ ಕೆಲಸದ ಮೇಲೆ ಅಣ್ಣ ಟಾರ್ಚು ಹಿಡಿದು ಬೀಳುತ್ತಿದ್ದ. ತಪ್ಪು ಸಿಕ್ಕಿದ ಕಡೆ ಹಳದಿ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಿದ್ದ. ಅತ್ತಿಗೆ ಕೆಂಪು ಸೀಮೆಸುಣ್ಣ ಇಟ್ಟುಕೊಂಡಳು. ಒಂದು ವಾಷರು ತಲೆಕೆಳಗಾಗಿದ್ದರೂ ಬಿಡುತ್ತಿರಲಿಲ್ಲ. ಎಂಜಿನ್ನಿನ ಮೂಲೆಯಲ್ಲಿ ಅಣ್ಣ ಮರೆತ ಒರಸುಬಟ್ಟೆಯನ್ನು ಇಕ್ಕಳದಲ್ಲಿ ಎತ್ತಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡು ಶೆಡ್ಡನ್ನೆಲ್ಲ ಸುತ್ತಿದಳು. ವಿಮಾನಗಳಿಗೆ ದಡಾರ ಎದ್ದ ಹಾಗೆ ಮೈತುಂಬ ಹಳದಿ ಕೆಂಪು ಸುತ್ತುಗಳು. ಅವನ್ನೆಲ್ಲ ಸರಿಪಡಿಸಿ ಒರಸಿದ ಮೇಲೆ ನನ್ನ ಕೈಗೆ ಬರುತ್ತಿದ್ದ ಯಂತ್ರ ಹೇಗಿರುತ್ತಿತ್ತು ಅನ್ನುತ್ತೀರಿ, ಬೆಣ್ಣೆ. ಮೇಲೆ ಹೋಗಿ ನಾನು ಹಾಡು ಹೇಳಿಕೊಳ್ಳುತ್ತಿದ್ದೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಮನೆಯಲ್ಲಿ ಇಬ್ಬರು ಮುಖ ತಿರುಗಿಸಿಕೊಂಡು ಉಣ್ಣುವುದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತಿತ್ತು. ಅಣ್ಣ ಇಳಿದುಹೋಗಿದ್ದ. ಅತ್ತಿಗೆ ಒಬ್ಬಳೇ ಇದ್ದಾಗ ಕಣ್ಣು ಒರಸಿಕೊಳ್ಳುವುದನ್ನು ಎರಡು ಸಲ ನೋಡಿದೆ. ನನಗೆ ಇಬ್ಬರೂ ಬೇಕು. ಅದಕ್ಕೆ ಅತ್ತಿಗೆಯ ಹತ್ತಿರ ಹೋಗಿ, ನಿನ್ನಷ್ಟು ನೀಟಾಗಿ ತಂತಿ ಕಟ್ಟುವವರು ಈ ಸಾಲಿನಲ್ಲೇ ಇಲ್ಲವಂತೆ, ಅಣ್ಣ ಯಾರಿಗೋ ಹೇಳುತ್ತಿದ್ದ ಅಂದೆ. ಅಣ್ಣನ ಹತ್ತಿರ ಹೋಗಿ, ನೀನು ಸೊರಗಿದ್ದೀಯೆಂದು ಅತ್ತಿಗೆಗೆ ರಾತ್ರಿಯೆಲ್ಲ ನಿದ್ದೆಯಿಲ್ಲ ಅಂದೆ. ಎರಡೂ ಅಪ್ಪಟ ಸುಳ್ಳು. ಆದರೆ ಹದವಾಗಿ ಬೆಂದ ಸುಳ್ಳು, ಇಬ್ಬರೂ ಅಗಿಯದೆ ನುಂಗಿದರು. ಮರುದಿನ ಅಡುಗೆಮನೆಯಲ್ಲಿ ನಗು ಕೇಳಿಸಿತು. ಸೀಮೆಸುಣ್ಣಗಳು ಡ್ರಾಯರು ಸೇರಿದವು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ವಾರ ಶೆಡ್ಡಿನಲ್ಲಿದ್ದದ್ದು ಹಲ್ಲಿನ ಡಾಕ್ಟರರ ನೀಲಿ ವಿಮಾನ. ಡಾಕ್ಟರು ತುಂಬಾ ಮಾತಿನ ಮನುಷ್ಯ. ವಾರವೆಲ್ಲ ಬಾಯಿ ತೆರೆದುಕೊಂಡಿರುವವರ ಜೊತೆ ಒಬ್ಬರೇ ಮಾತಾಡಿ ಅಭ್ಯಾಸವಾಗಿಬಿಟ್ಟಿದೆ, ಉತ್ತರ ಬಂದರೆ ಗಾಬರಿಯಾಗುತ್ತಾರೆ. ಅವರ ವಿಮಾನದಲ್ಲಿ, ಹಾರಿಸುವವರು ತಿರುಗಿಸುವ ಹಿಡಿಯಿಂದ ರೆಕ್ಕೆಗೆ ಹೋಗುವ ಉಕ್ಕಿನ ಕೇಬಲ್ಲುಗಳು ಸವೆದಿದ್ದವು. ಎರಡೂ ರೆಕ್ಕೆಯ ತುದಿಯಲ್ಲಿ, ಹಿಂಬದಿಗೆ, ಏಳುವ ಇಳಿಯುವ ಒಂದೊಂದು ಪಟ್ಟಿ ಇರುತ್ತದೆ. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಎಡದ ಪಟ್ಟಿ ಏಳಬೇಕು, ಬಲದ್ದು ಇಳಿಯಬೇಕು, ಆಗ ವಿಮಾನ ಎಡಕ್ಕೆ ವಾಲುತ್ತದೆ. ಆ ಪಟ್ಟಿಗಳನ್ನು ಎಳೆಯುವುದೇ ಈ ಕೇಬಲ್ಲುಗಳು. ಹೊಸ ಕೇಬಲ್ಲು ಹಾಕುವುದು ಅತ್ತಿಗೆಯ ಕೆಲಸ, ನೋಡುವುದು ಅಣ್ಣನದು.

ರಾಜಿಯಾದ ಹೊಸತು. ಹೆಂಡತಿ ಒಬ್ಬಳೇ ಕಷ್ಟಪಡುವುದನ್ನು ಅಣ್ಣನಿಗೆ ನೋಡಲಾಗಲಿಲ್ಲ. ನೀನು ರೆಕ್ಕೆಯ ಕಡೆ ಎಳಿ, ನಾನು ಒಳಗೆ ಕೂತು ತುದಿ ಹಿಡಿದುಕೊಳ್ತೀನಿ ಅಂದ. ನೋಡಬೇಕಾದವನು ಮಾಡಲು ಕೂತ. ಅತ್ತಿಗೆ ಯಾವ ಕೇಬಲ್ಲು ಯಾವ ಕಡೆಯದೆಂದು ಗೊತ್ತಾಗಲು ತುದಿಗಳಿಗೆ ಬಟ್ಟೆಯ ಚೂರು ಕಟ್ಟಿದ್ದಳು. ಅವು ಜಿಡ್ಡಾಗಿದ್ದವು. ಅಣ್ಣ ಪ್ರೀತಿಯಿಂದ ಅವನ್ನು ಬಿಚ್ಚಿ, ಹೊಸ ಚೂರು ಹರಿದು ಕಟ್ಟಿದ. ಕಟ್ಟುವಾಗ ಅವನು ವಿಮಾನದ ಬಾಲದ ಕಡೆ ಮುಖ ಮಾಡಿ ಕೂತಿದ್ದ. ಅವನ ಎಡಗೈ ಇದ್ದದ್ದು ವಿಮಾನದ ಬಲಕ್ಕೆ. ಎಡದ ಗುರುತು ಬಲದ ಕೇಬಲ್ಲಿಗೆ ಬಿತ್ತು, ಕೇಬಲ್ಲುಗಳು ಅದಲುಬದಲಾಗಿ ಕೂತವು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಬೆಳಿಗ್ಗೆ ಗೊತ್ತಿದ್ದದ್ದು ವಿಮಾನ ತಯಾರಾಗಿದೆ, ಡಾಕ್ಟರು ನಾನೂ ಬರುತ್ತೇನೆಂದು ಹಟ ಹಿಡಿದಿದ್ದಾರೆ ಎಂಬುದಷ್ಟೇ. ಅವರಿಗೊಂದು ಟೋಪಿ ಬೇರೆ. ಬಲಗಡೆಯ ಸೀಟಿನಲ್ಲಿ ಕೂತು, ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮೊದಲು ಯಾಕೆ ಹುಟ್ಟುತ್ತದೆಂದು ವಿವರಿಸತೊಡಗಿದರು. ಹೊರಡುವ ಮೊದಲು ಹಿಡಿ ಆಡಿಸಿ ನೋಡಬೇಕಲ್ಲ, ಆಡಿಸಿದೆ. ಎದುರಿಗೆ ಅಣ್ಣ ಅತ್ತಿಗೆ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಾ ನನ್ನತ್ತ ಕೈ ಬೀಸುತ್ತಿದ್ದರು. ಇಷ್ಟು ವಯಸ್ಸಾದ ಮೇಲೆ ಒಂದೇ ಲೋಟ. ನನ್ನ ಕಣ್ಣು ಆ ಲೋಟದ ಮೇಲಿತ್ತು, ರೆಕ್ಕೆಯ ಮೇಲಿರಲಿಲ್ಲ. ಪಟ್ಟಿಗಳು ಅಲ್ಲಾಡುವುದು ಓರೆಗಣ್ಣಿಗೆ ಕಂಡಿತು, ಸಾಕೆನಿಸಿತು. ಅಲ್ಲಾಡುತ್ತದೆಯೇ ಎಂದು ನೋಡುವುದು ಬೇರೆ, ಸರಿಯಾದ ಕಡೆಗೆ ಅಲ್ಲಾಡುತ್ತದೆಯೇ ಎಂದು ನೋಡುವುದು ಬೇರೆ.

ರನ್‌ವೇಯ ತುದಿಗೆ ಬಂದಾಗ ಇನ್ನೊಂದು ವಿಮಾನ ಇಳಿಯುತ್ತಿತ್ತು. ಕಾಯಬೇಕಾಯಿತು. ಡಾಕ್ಟರು ದವಡೆ ಹಲ್ಲಿಗೆ ಬಂದಿದ್ದರು. ಕೆಲಸವಿಲ್ಲದ ಕೈ ಹಿಡಿಯನ್ನು ಸುಮ್ಮನೆ ಎಡಕ್ಕೆ ತಿರುಗಿಸಿತು, ಕಣ್ಣು ಸುಮ್ಮನೆ ಎಡಕ್ಕೆ ಹೋಯಿತು. ಎಡದ ಪಟ್ಟಿ ಇಳಿಯಿತು.

ಬಲಕ್ಕೆ ತಿರುಗಿಸಿದೆ. ಎಡದ ಪಟ್ಟಿ ಎದ್ದಿತು.

ಹೀಗೇ ಹಾರಿದರೆ, ನೆಲ ಬಿಟ್ಟ ಕೂಡಲೇ ಗಾಳಿ ಒಂದು ರೆಕ್ಕೆಯನ್ನು ಕೊಂಚ ಎತ್ತುತ್ತದೆ, ಕೈ ತಾನಾಗಿ ಅದನ್ನು ಸರಿಪಡಿಸಲು ತಿರುಗಿಸುತ್ತದೆ, ಈ ವಿಮಾನ ಇನ್ನಷ್ಟು ವಾಲುತ್ತದೆ, ಕೈ ಇನ್ನಷ್ಟು ತಿರುಗಿಸುತ್ತದೆ. ಆಮೇಲಿನದನ್ನು ಹೇಳಲು ನಾನೂ ಡಾಕ್ಟರೂ ಉಳಿದಿರುತ್ತಿರಲಿಲ್ಲ, ಬೇರೆಯವರೇ ಹೇಳಬೇಕಿತ್ತು. ಎಂಜಿನ್ನು ಆರಿಸಿದೆ. ಯಾಕೆಂದು ಡಾಕ್ಟರು ಕೇಳಿದರು. ಹೇಳಿದೆ. ನಾನು ಕಂಡ ಹಾಗೆ ಅವರು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿ ಕೂತದ್ದು ಆಗಲೇ.

ವಿಮಾನವನ್ನು ತಳ್ಳಿಕೊಂಡು ಶೆಡ್ಡಿಗೆ ತಂದು, ಅಣ್ಣನನ್ನೂ ಅತ್ತಿಗೆಯನ್ನೂ ರೆಕ್ಕೆಯ ಪಕ್ಕ ನಿಲ್ಲಿಸಿ, ಒಳಗೆ ಕೂತು ಹಿಡಿ ತಿರುಗಿಸಿ ತೋರಿಸಿದೆ. ಕೊನೆಯ ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳಿದೆ. ಮಾಡಿದ್ದರಂತೆ. ಅಣ್ಣ ಒಳಗೆ ಹಿಡಿ ತಿರುಗಿಸುತ್ತಾ ಸರಿ ಇದೆಯಾ ಅಂದನಂತೆ, ಅತ್ತಿಗೆ ಮೂತಿಯ ಮುಂದೆ ನಿಂತು ಸರಿ ಇದೆ ಅಂದಳಂತೆ. ಅವಳು ನೋಡುತ್ತಿದ್ದದ್ದು ಏನನ್ನು ಎಂದು ಕೇಳಲು ಹೋಗಲಿಲ್ಲ. ಕೆಂಪಾದ ಅವಳ ಮುಖವೇ ಹೇಳುತ್ತಿತ್ತು. ಇಬ್ಬರೂ ಸೇರಿ ಮಾಡಿದ್ದರು, ಇಬ್ಬರೂ ಸೇರಿ ನೋಡಿದ್ದರು, ಅಂದರೆ ಯಾರೂ ನೋಡಿರಲಿಲ್ಲ.

ಈಗ ಜಗಳ ಹತ್ತುತ್ತದೆ ಎಂದುಕೊಂಡೆ. ಹತ್ತಲಿ ಎಂದೂ ಅಂದುಕೊಂಡೆ. ಆದರೆ ಅಣ್ಣ, ಬಟ್ಟೆ ಕಟ್ಟಿದ್ದು ನಾನು, ತಪ್ಪು ನನ್ನದು ಅಂದ. ಅತ್ತಿಗೆ, ಸರಿ ಅಂದವಳು ನಾನು, ತಪ್ಪು ನನ್ನದು ಅಂದಳು. ನೀನು ಸುಮ್ಮನಿರು ಎಂದು ಅವನು, ನೀವು ಸುಮ್ಮನಿರಿ ಎಂದು ಅವಳು. ಆಮೇಲೆ ಅಣ್ಣ ನನ್ನ ಕಡೆ ತಿರುಗಿ ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ಚಿಕ್ಕಂದಿನಲ್ಲೂ ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಡಾಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಬಾಯೊಳಗೂ ಹೀಗೇನೇ. ಎದುರಿಗೆ ಕೂತವರ ಎಡ ನನ್ನ ಬಲ," ಅಂದರು. "ನಾನು ತಪ್ಪಿದ್ರೆ ಒಂದು ಹಲ್ಲು ಹೋಗುತ್ತೆ. ನನ್ನ ಬೈಯೋದಕ್ಕೆ ಆ ಮನುಷ್ಯ ಉಳಿದಿರ್ತಾನೆ." ಅವರು ಬೇರೆ ಶೆಡ್ಡಿಗೆ ಹೋಗುತ್ತೇನೆ ಅನ್ನಲಿಲ್ಲ. ಸರಿ ಮಾಡಿ, ನಾನು ಇಲ್ಲೇ ಇರುತ್ತೇನೆ ಎಂದು ಸ್ಟೂಲು ಎಳೆದುಕೊಂಡು ಕೂತರು.

ಕೇಬಲ್ಲುಗಳನ್ನು ಬಿಚ್ಚಿ ಸರಿಯಾದ ಕಡೆಗೆ ಕೂರಿಸುವುದು ದೊಡ್ಡ ಕೆಲಸವಲ್ಲ. ಮಧ್ಯಾಹ್ನಕ್ಕೆಲ್ಲ ಅತ್ತಿಗೆ ಮುಗಿಸಿದಳು. ಅಣ್ಣ ನೋಡಲು ಬಂದ. ನಾನು ಬಾಗಿಲ ಹತ್ತಿರ ನಿಂತು ಗಮನಿಸುತ್ತಿದ್ದೆ. ಅವನು ಟಾರ್ಚು ಹಿಡಿದು ಬಗ್ಗಿದ, ಆದರೆ ಪ್ರತಿ ಸಲ ಟಾರ್ಚು ಮೇಲೆತ್ತುವ ಮೊದಲು ಅವಳ ಮುಖ ನೋಡುತ್ತಿದ್ದ, ನೊಂದುಕೊಂಡಳೇನೋ ಎಂದು. ಅವಳಿಗೆ ನೋವಾಗಬಾರದೆಂದು ಬೇಗ ಬೇಗ ನೋಡಿ ಮುಗಿಸಿದ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಇಬ್ಬರೂ ನನ್ನ ಜೀವ. ಆದರೆ ಇವರು ಹೀಗೇ ಇದ್ದರೆ ನನ್ನ ಜೀವ ಉಳಿಯುವುದಿಲ್ಲ.

ಅದಕ್ಕೆ ನಾನು ಮಾಡಬಾರದ ಕೆಲಸಕ್ಕೆ ಇಳಿದೆ, ಚಾಡಿ ಹೇಳುವುದಕ್ಕೆ. ಅತ್ತಿಗೆಯನ್ನು ಮೂಲೆಗೆ ಕರೆದು, ಜಡೆಯ ಮಾತನ್ನು ಅಣ್ಣ ಇನ್ನೂ ಊರೆಲ್ಲ ಹೇಳಿ ನಗುತ್ತಾನೆ ಅಂದೆ. ನಗಲಿ ಬಿಡು ಪಾಪ, ಅವರು ನಕ್ಕು ಎಷ್ಟು ದಿನವಾಗಿತ್ತು ಅಂದಳು. ಅಣ್ಣನ ಹತ್ತಿರ ಹೋಗಿ, ನಿನಗೆ ಸ್ಪ್ಯಾನರು ಹಿಡಿಯಲು ಕಲಿಸಿದ್ದೇ ತಾನಂತೆ, ಅತ್ತಿಗೆ ಹೇಳಿಕೊಂಡು ತಿರುಗುತ್ತಾಳೆ ಅಂದೆ. ನಿಜ ತಾನೇ ಅಂದ. ಬೆಂಕಿ ಹಚ್ಚಲು ಹೋದರೆ ಸೌದೆಯೆಲ್ಲ ಹಸಿ. ಸುಳ್ಳು ಹೇಳಿ ರಾಜಿ ಮಾಡಿಸುವುದು ಸುಲಭ, ಸುಳ್ಳು ಹೇಳಿ ಜಗಳ ಹಚ್ಚುವುದು ನನ್ನ ಕೈಲಾಗಲಿಲ್ಲ. ಈ ವಿದ್ಯೆ ಇರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ, ನನಗೆ ಬೇಕಾದಾಗ ಒಬ್ಬರೂ ಇರಲಿಲ್ಲ.

ಅತ್ತಿಗೆ ದಡ್ಡಿಯಲ್ಲ. ನನ್ನ ರಟ್ಟೆ ಹಿಡಿದು, ಏನು ನಡೆಸಿದ್ದೀಯ ಎಂದು ಕೇಳಿದಳು. ನನಗೂ ಸಾಕಾಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ನೀವಿಬ್ರೂ ಚೆನ್ನಾಗಿರಬೇಕು ಅತ್ತಿಗೆ. ಆದ್ರೆ ನೀವು ಚೆನ್ನಾಗಿದ್ರೆ ನನಗೆ ಇದನ್ನ ಹತ್ತೋಕೆ ಭಯ ಆಗುತ್ತೆ. ಅಣ್ಣ ನಿನ್ನ ಕೆಲಸ ನೋಡ್ತಿಲ್ಲ, ನಿನ್ನ ನೋಡ್ತಿದಾನೆ."

ಅವಳು ಕೈ ಒರಸಿಕೊಂಡಳು, ಮತ್ತೆ ಒರಸಿಕೊಂಡಳು. ಆಮೇಲೆ ಅಣ್ಣನನ್ನು ಕರೆದು, ಸಾಲಿನ ಕೊನೆಯ ಶೆಡ್ಡಿಗೆ ಹೋಗಿ ಅವರನ್ನು ಕರೆದುಕೊಂಡು ಬನ್ನಿ ಅಂದಳು.

ಕೊನೆಯ ಶೆಡ್ಡಿನವನಿಗೆ ನಾವೆಲ್ಲ ಇಟ್ಟ ಹೆಸರು ಮೊಸರುಗಲ್ಲು. ಮೊಸರಿನಲ್ಲಿ ಕಲ್ಲು ಹುಡುಕುವುದಷ್ಟೇ ಅಲ್ಲ, ಸಿಕ್ಕದಿದ್ದರೆ ಮೊಸರು ಕೊಟ್ಟವರ ಮೇಲೆ ಸಂಶಯಪಡುವ ಪೈಕಿ. ಅವನದೂ ಇದೇ ಕಸುಬು, ಬೇರೆಯವರ ಕಣ್ಣನ್ನು ನಂಬದೆ, ಪದ್ಧತಿ ಮೀರಿ, ತಾನೇ ಮಾಡಿ ತಾನೇ ನೋಡುತ್ತಾನೆ. ನಮ್ಮ ಶೆಡ್ಡಿನಲ್ಲಿ ಸಂಸಾರ ನಡೆಯುತ್ತದೆಯೇ ಹೊರತು ರಿಪೇರಿ ನಡೆಯುವುದಿಲ್ಲ ಎಂದು ಅವನು ಎಂದೋ ಆಡಿದ್ದ. ಆ ಮಾತು ನಮ್ಮ ಕಿವಿಗೆ ಬಿದ್ದ ಮೇಲೆ ಅಣ್ಣ ಅವನ ಶೆಡ್ಡಿನ ಮುಂದೆ ಹಾಯುವುದನ್ನೂ ಬಿಟ್ಟಿದ್ದ. ಆ ಮಾತು ನಿಜವಾದ ದಿನವೇ ಅವನನ್ನು ಕರೆಯಲು ಹೋಗಬೇಕೆಂದರೆ ಎದೆ ಗಟ್ಟಿಯಿರಬೇಕು. ಅಣ್ಣ ಅತ್ತಿಗೆಯ ಮುಖ ನೋಡಿದ, ನನ್ನ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮೊಸರುಗಲ್ಲು ಬಂದ. ನಗಲಿಲ್ಲ, ಅಣಕಿಸಲಿಲ್ಲ, ಅವನಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಹಸಿದವನಿಗೆ ಎಲೆ ಹಾಕಿದ ಹಾಗಿತ್ತು ಅವನ ಮುಖ. ಕನ್ನಡಕ ಏರಿಸಿ, ಅಂಗಿ ತೋಳು ಮಡಚಿ, ನೀಲಿ ವಿಮಾನದ ಹೊಟ್ಟೆಯೊಳಗೆ ಸೊಂಟದವರೆಗೂ ಹೊಕ್ಕ. ಒಳಗಿನಿಂದ ಇದನ್ನು ಯಾರು ಮಾಡಿದ್ದು, ಹೀಗೆ ಯಾರು ಬಿಟ್ಟಿದ್ದು ಎಂದು ಗುಡುಗುತ್ತಿದ್ದ. ಅಣ್ಣನನ್ನು ಒಳಗೆ ಕೂರಿಸಿ ಹಿಡಿ ತಿರುಗಿಸಲು ಹೇಳಿ, ತಾನು ಪ್ರತಿ ರೆಕ್ಕೆಯ ಪಕ್ಕಕ್ಕೇ ಹೋಗಿ, ಪಟ್ಟಿಯ ಮೇಲೆ ಅಂಗೈ ಇಟ್ಟು, ಎದ್ದಿತು, ಇಳಿಯಿತು ಎಂದು ಕೂಗಿದ. ಎಡ ಬಲ ಎಂಬ ಮಾತನ್ನೇ ಬಾಯಿಗೆ ತರಲಿಲ್ಲ, ಡಾಕ್ಟರು ಕೂತ ಕಡೆ, ಬಾಗಿಲ ಕಡೆ ಅನ್ನುತ್ತಿದ್ದ. ಕೇಬಲ್ಲು ಸರಿಯಿತ್ತು. ಆದರೂ ಒಂದು ಬಿಗಿಯಾಗದ ಸ್ಕ್ರೂ, ತಪ್ಪು ಉದ್ದದ ಒಂದು ಪಿನ್ನು ಹುಡುಕಿ ತೆಗೆದು ಸರಿ ಮಾಡಿಸಿದ. ಅತ್ತಿಗೆಯ ಕಿವಿ ಕೆಂಪಾಗಿತ್ತು. ಅವನು ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಎದೆಯ ಭಾರ ಅರ್ಧ ಇಳಿಯಿತು.

ಮುಗಿದ ಮೇಲೂ ಅವನು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಕನ್ನಡಕ ಒರಸುತ್ತಿದ್ದ. ಅಣ್ಣ ಚಹಾ ಕೊಟ್ಟ. ಇಬ್ಬರೂ ಹವೆಯ ಬಗ್ಗೆ ಎರಡು ಮಾತಾಡಿದರು. ಆಮೇಲೆ ಮೊಸರುಗಲ್ಲು ಲೋಟದೊಳಗೆ ನೋಡುತ್ತಾ ಅತ್ತಿಗೆಗೆ ಹೇಳಿದ.

"ನಾಳೆ ನನ್ನ ಮಗಳು ಒಬ್ಬಳೇ ಹಾರಿಸ್ತಾಳೆ, ಮೊದಲ್ನೇ ಸಲ. ವಿಮಾನ ನಾನೇ ಬಿಚ್ಚಿ ಕಟ್ಟಿದ್ದು. ನಾನೇ ನೋಡಿದ್ದು. ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿದೀನಿ, ಒಂದು ತಪ್ಪೂ ಕಾಣಲಿಲ್ಲ. ಅದಕ್ಕೇ ಹೆದರಿಕೆ."

ಅತ್ತಿಗೆ ಟಾರ್ಚು ತೆಗೆದುಕೊಂಡಳು. ಅಣ್ಣನೂ ಎದ್ದ.

"ನೀವು ಬೇಡ," ಅಂದಳು. "ನೀವು ಆಗ್ಲೇ ಇವರಿಗೆ ಚಹಾ ಕೊಟ್ಟುಬಿಟ್ರಿ."

ನಾನು ಅವಳ ಹಿಂದೆ ಹೋದೆ. ಮೊಸರುಗಲ್ಲಿನ ಶೆಡ್ಡು ಕನ್ನಡಿಯ ಹಾಗಿತ್ತು, ಒಂದು ಸ್ಪ್ಯಾನರು ಜಾಗ ತಪ್ಪಿರಲಿಲ್ಲ. ಅವನ ಮಗಳು ರೆಕ್ಕೆಯ ಕೆಳಗೆ ಕೂತು ನಾಳೆಯ ದಾರಿಯ ನಕ್ಷೆ ಬಿಡಿಸಿಕೊಂಡಿದ್ದಳು. ಎದ್ದು ನಿಂತು ನಮಗೆ ನಕ್ಕಳು, ಅಪ್ಪನ ಹಾಗೇ ಕನ್ನಡಕ ಏರಿಸಿದಳು. ಅತ್ತಿಗೆ ಆ ವಿಮಾನವನ್ನು ಮೂತಿಯಿಂದ ಶುರುಮಾಡಿ, ತನ್ನನ್ನು ಅಣಕಿಸಿದವನ ಮೇಲೆ ವರ್ಷಗಳಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಕಣ್ಣಿಗೆ ತಂದುಕೊಂಡು, ಒಂದೊಂದೇ ಅಂಗುಲ ನೋಡುತ್ತಾ ಹೋದಳು. ಏನೂ ಸಿಗಲಿಲ್ಲ. ಮೊಸರುಗಲ್ಲು ಅವಳ ಹಿಂದೆಯೇ ಕೈ ಕಟ್ಟಿಕೊಂಡು ನಡೆಯುತ್ತಿದ್ದ. ಬಾಲದ ಹತ್ತಿರ ಅವಳು ಬಗ್ಗಿದಳು, ಬಗ್ಗಿದವಳು ಏಳಲಿಲ್ಲ. ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿಗೆ ಒಂದು ಬೋಲ್ಟು. ಆ ಬೋಲ್ಟಿನ ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡ ಹಾಕುವ ಸಣ್ಣ ಪಿನ್ನು ಇರಬೇಕಾದ ತೂತು ಖಾಲಿಯಿತ್ತು. ಅದರೊಳಗಿಂದ ಶೆಡ್ಡಿನ ಬಾಗಿಲಾಚೆಯ ಆಕಾಶ ಚುಕ್ಕೆಯಷ್ಟು ಕಾಣುತ್ತಿತ್ತು.

ಅತ್ತಿಗೆ ಹಿಂತಿರುಗಿ ನೋಡಿದಳು. ಹೇಳಲು ಅವಳ ನಾಲಿಗೆಯಲ್ಲಿ ಎಷ್ಟು ಮಾತುಗಳು ತಯಾರಿದ್ದವೆಂದು ನನಗೆ ಗೊತ್ತು, ಅವನ್ನು ನಾವಿಬ್ಬರೂ ಸೇರಿಯೇ ಎಷ್ಟೋ ಸಂಜೆ ಸಾಣೆ ಹಿಡಿದಿದ್ದೆವು. ಒಂದನ್ನೂ ಹೇಳಲಿಲ್ಲ. ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟು ಟಾರ್ಚಿನ ಬೆಳಕು ಅಲ್ಲಿಗೇ ಹಿಡಿದಳು.

ಮೊಸರುಗಲ್ಲು ನೋಡಿದ. ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ನೆಲದ ಮೇಲೆ ಕೂತುಬಿಟ್ಟ. ಮಗಳು ಓಡಿ ಬಂದು ಏನಪ್ಪಾ ಅಂದಳು. ಅವನು ಅವಳ ಕೈ ಹಿಡಿದುಕೊಂಡ, ಬಿಡಲಿಲ್ಲ.

"ಇಲ್ಲೇ ನಿಲ್ಲಿಸಬೇಡಮ್ಮ," ಅಂದ ಅತ್ತಿಗೆಗೆ. "ಇನ್ನೊಂದು ಕಡೆ ಬಾಕಿ ಇದೆ. ನಿಧಾನವಾಗಿ ನೋಡು. ನನಗೆ ಬೇಜಾರಾಗುತ್ತೆ ಅಂತ ಅಂದ್ಕೋಬೇಡ."

"ನನಗ್ಯಾಕೆ ನಿಮ್ಮ ಬೇಜಾರು," ಅಂದಳು ಅತ್ತಿಗೆ, ಇನ್ನೊಂದು ಕಡೆಗೆ ಬಗ್ಗುತ್ತಾ.

ನಮ್ಮ ಶೆಡ್ಡಿನಲ್ಲಿ ಡಾಕ್ಟರು ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ನಾನು ಹೋಗಿ ನೀಲಿ ವಿಮಾನ ಹತ್ತಿದೆ.